ವಿಡಿಯೋ ಗೇಮ್ ವಿರುದ್ಧ ಹೋರಾಡಿದ ಅಮೆರಿಕದ ವಕೀಲರ ಮೇಲೆ ನ್ಯಾಯಾಂಗ ನಿಂದನೆ ಯಾಕೆ ಬಂತು?

ವಸುಧಾ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಗೆ ಚರ್ಚಾಸ್ಪರ್ಧೆ ಇಟ್ಟಿದ್ದೇನೆ. ಹಿಂಸೆ ತುಂಬಿದ ವಿಡಿಯೋ ಗೇಮ್‌ಗಳನ್ನು ಮಕ್ಕಳಿಗೆ ಮಾರುವುದನ್ನು ಕಾನೂನು ತಡೆಯಬೇಕೋ ಬೇಡವೋ ಅನ್ನೋದು ವಿಷಯ.

ಅಭ್ಯಾಸದ ದಿನ ಒಬ್ಬ ಹುಡುಗ ಎದ್ದು ಹೇಳಿದ: "ಅಮೆರಿಕದಲ್ಲಿ ಜ್ಯಾಕ್ ಥಾಂಪ್ಸನ್ ಅಂತ ಒಬ್ಬ ಲಾಯರ್ ಇದ್ದ. ಗೇಮ್ ನಿಲ್ಲಿಸ್ತೀನಿ ಅಂತ ಕೋರ್ಟಿಗೆ ಹೋದ. ಕೊನೆಗೆ ಅವನ ಮೇಲೇ ನ್ಯಾಯಾಂಗ ನಿಂದನೆ ಕೇಸ್ ಬಿತ್ತು, ಲೈಸೆನ್ಸೂ ಹೋಯ್ತು. ಅಂದ್ರೆ ಗೇಮ್‌ನಲ್ಲಿ ತಪ್ಪಿಲ್ಲ ಅಂತ ಕೋರ್ಟೇ ಹೇಳಿದ ಹಾಗಾಯ್ತಲ್ವಾ?" ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಎದುರು ಪಕ್ಷದ ಹುಡುಗಿಗೆ ಏನು ಹೇಳಬೇಕೋ ತಿಳಿಯಲಿಲ್ಲ, ಸುಮ್ನೆ ಕೂತುಬಿಟ್ಟಳು.

ನನಗೆ ಈ ಮಾತು ಸರಿ ಅನಿಸಲಿಲ್ಲ. ಒಬ್ಬ ವಕೀಲರ ಸನ್ನದು ಹೋದ ಮಾತ್ರಕ್ಕೆ ಅವರು ಎತ್ತಿದ ಪ್ರಶ್ನೆಯೂ ಬಿದ್ದುಹೋಗುತ್ತದೆಯೇ? ಆದರೆ ನಿಜವಾಗಿ ನಡೆದದ್ದೇನು ಅಂತ ಗೊತ್ತಿಲ್ಲದೆ ಮಕ್ಕಳ ಮುಂದೆ ವಾದ ಮಾಡಲಾರೆ. ಅವರು ಕೋರ್ಟಿನಲ್ಲಿ ಏನು ಕೇಳಿದ್ದರು, ನಿಂದನೆಯ ಮಾತು ಎಲ್ಲಿಂದ ಬಂತು, ಅದಕ್ಕೂ ಸನ್ನದು ಹೋಗಿದ್ದಕ್ಕೂ ಸಂಬಂಧ ಇದೆಯಾ? ಕಾನೂನು ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ನಾನು ಇಂಥ ಗೇಮ್‌ಗಳ ಪರವಾಗಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಚೆಕ್‌ಪಾಯಿಂಟ್

ಟೀಚರ್, ಕಾನೂನು ನನಗೆ ಗೊತ್ತಿಲ್ಲ. ಗೇಮ್ ಗೊತ್ತು. ನಿಂದನೆಯ ಮಾತು ಬಂದದ್ದು ರಾಕ್‌ಸ್ಟಾರ್ ಅನ್ನೋ ಗೇಮ್ ಕಂಪನಿಯವರ "ಬುಲ್ಲಿ" ಅನ್ನೋ ಗೇಮ್ ಕೇಸಿನಲ್ಲಿ. ಅದು 2006ರ ಅಕ್ಟೋಬರ್ 17ಕ್ಕೆ ಪ್ಲೇಸ್ಟೇಷನ್ 2 ಅನ್ನೋ ಗೇಮ್ ಯಂತ್ರಕ್ಕೆ ಬಂತು. ನಾನು ಪೂರ್ತಿ ಆಡಿದ್ದೇನೆ.

ಕಥೆ ಇಷ್ಟು. ಜಿಮ್ಮಿ ಹಾಪ್ಕಿನ್ಸ್ ಅನ್ನೋ 15 ವರ್ಷದ ಹುಡುಗ. ಅಮ್ಮ ಹೊಸ ಗಂಡನ ಜೊತೆ ಮಧುಚಂದ್ರಕ್ಕೆ ಹೊರಟು, ಇವನನ್ನು ಬುಲ್‌ವರ್ತ್ ಅಕಾಡೆಮಿ ಅನ್ನೋ ವಸತಿ ಶಾಲೆಯ ಗೇಟಿನ ಮುಂದೆ ಇಳಿಸಿ ಹೋಗುತ್ತಾಳೆ. ಅಲ್ಲಿ ಗುಂಪು ಕಟ್ಟಿಕೊಂಡು ಚಿಕ್ಕವರನ್ನು ಗೋಳು ಹೊಯ್ದುಕೊಳ್ಳುವ ಹುಡುಗರು. ಜಿಮ್ಮಿ ಒಬ್ಬೊಬ್ಬರನ್ನೇ ಬಗ್ಗಿಸುತ್ತಾ ಹೋಗುತ್ತಾನೆ. ಗುದ್ದಾಟ ಇದೆ, ಕವಣೆ ಇದೆ, ಪಟಾಕಿ, ತುರಿಕೆ ಪುಡಿ, ಗಬ್ಬು ನಾತದ ಬಾಂಬು ಇದೆ. ಬಂದೂಕಿಲ್ಲ, ರಕ್ತ ಇಲ್ಲ, ಯಾರೂ ಸಾಯುವುದಿಲ್ಲ. ಕ್ಲಾಸಿಗೂ ಹೋಗಬೇಕು! ಕೆಮಿಸ್ಟ್ರಿ ಕ್ಲಾಸಿನಲ್ಲಿ ಸರಿಯಾದ ಹೊತ್ತಿಗೆ ಸರಿಯಾದ ಬಟನ್ ಒತ್ತಬೇಕು. ಇಂಗ್ಲಿಷ್ ಕ್ಲಾಸಿನಲ್ಲಿ ಚದುರಿದ ಅಕ್ಷರ ಜೋಡಿಸಿ ಪದ ಮಾಡಬೇಕು. ಮೂಲೆಯಲ್ಲಿ ಒಂದು ಮೀಟರ್ ಇರುತ್ತದೆ. ಚಿಕ್ಕ ಮಕ್ಕಳಿಗೋ ಹುಡುಗಿಯರಿಗೋ ಕೈ ಎತ್ತಿದರೆ ಅದು ಸರ್ರನೆ ಏರಿ, ಶಾಲೆಯ ಶಿಸ್ತು ನೋಡಿಕೊಳ್ಳುವ ಪ್ರಿಫೆಕ್ಟ್‌ಗಳು ಅಟ್ಟಿಸಿಕೊಂಡು ಬಂದು ಹಿಡಿಯುತ್ತಾರೆ.

ಥಾಂಪ್ಸನ್ ಇದನ್ನು ಕೊಲಂಬೈನ್ ಶಾಲೆಯಲ್ಲಿ ನಡೆದ ಹತ್ಯಾಕಾಂಡದಂಥದ್ದಕ್ಕೆ ತರಬೇತಿ ಅನ್ನೋ ಹಾಗೆ ಮಾತಾಡಿದರು. ಗೇಮ್ ಹೊರಗೇ ಬಂದಿರಲಿಲ್ಲ ಆಗ. ನೋಡದೆ ಹೇಳಿದ ಮಾತು ಅದು. ಅಮೆರಿಕದ ರೇಟಿಂಗ್ ಸಂಸ್ಥೆ ಇಎಸ್‌ಆರ್‌ಬಿ ಇದಕ್ಕೆ ಕೊಟ್ಟಿದ್ದು ಟಿ, ಅಂದರೆ 13 ದಾಟಿದವರಿಗೆ.

2005ರಲ್ಲೂ ಒಂದು ನಡೆದಿತ್ತು. ಮಗನನ್ನು ಕಳೆದುಕೊಂಡ ತಂದೆ ಗೇಮ್ ಕಂಪನಿಯವರನ್ನು ಹುಡುಕಿ ಕೊಲ್ಲುವ ಗೇಮ್ ಯಾರಾದರೂ ಮಾಡಿದರೆ ದಾನಕ್ಕೆ 10,000 ಡಾಲರ್ ಕೊಡುತ್ತೇನೆ ಅಂತ ಥಾಂಪ್ಸನ್ ಬಹಿರಂಗ ಪತ್ರ ಬರೆದರು. ಹವ್ಯಾಸಿಗಳು ಮಾಡಿಯೇಬಿಟ್ಟರು. ಆಗ ಅವರು ಅದು ವಿಡಂಬನೆ ಅಂದುಬಿಟ್ಟರು. ಪೆನ್ನಿ ಆರ್ಕೇಡ್ ಅನ್ನೋ ವೆಬ್‌ಕಾಮಿಕ್‌ನವರು ಅವರ ಹೆಸರಿನಲ್ಲಿ ತಾವೇ ಅಷ್ಟು ಹಣ ದಾನ ಕೊಟ್ಟರು.

ಒಂದು ಮಾತು ನಮ್ಮ ಕಡೆಯವರ ಬಗ್ಗೆಯೂ ಹೇಳಬೇಕು. ಗೇಮ್ ಆಡುವವರಲ್ಲಿ ಕೆಲವರು ಆ ಮನುಷ್ಯನಿಗೆ ಕೊಲೆ ಬೆದರಿಕೆ ಹಾಕಿದರು. ಅದನ್ನು ಯಾವ ಕಾರಣಕ್ಕೂ ಒಪ್ಪಲಾರೆ.

ಕರಿಕೋಟು

ಟೀಚರ್, ನಾನು ಕೆಳಗಿನ ಕೋರ್ಟುಗಳಲ್ಲಿ ಪ್ರಾಕ್ಟೀಸ್ ಮಾಡುವ ವಕೀಲ. ಈ ಕೇಸನ್ನು ನಮ್ಮ ಜೂನಿಯರ್‌ಗಳಿಗೆ ಆಗಾಗ ಹೇಳುತ್ತಿರುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಿಮ್ಮ ಹುಡುಗನ ವಾದದಲ್ಲಿ ಎಲ್ಲಿ ಗಂಟು ಬಿದ್ದಿದೆ ಅಂತ ನೋಡೋಣ. ಅವನು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ದಾರಕ್ಕೆ ಪೋಣಿಸಿದ್ದಾನೆ. ಗೇಮ್ ಮಾರಾಟ ತಡೆಯಿರಿ ಅನ್ನೋ ಅರ್ಜಿ ಒಂದು. ನಿಂದನೆಯ ಅರ್ಜಿ ಇನ್ನೊಂದು. ಸನ್ನದು ರದ್ದಾದದ್ದು ಮತ್ತೊಂದು. ಮೂರಕ್ಕೂ ಮೂರು ಬೇರೆ ಅಂತ್ಯ.

ಬುಲ್ಲಿ ಅರ್ಜಿ ಫ್ಲಾರಿಡಾದ ಮಯಾಮಿ-ಡೇಡ್ ಕೋರ್ಟಿನಲ್ಲಿ 2006ರ ಆಗಸ್ಟ್‌ನಲ್ಲಿ ಬಂತು. ಈ ಗೇಮ್ ಸಾರ್ವಜನಿಕ ಉಪದ್ರವ, ಆದ್ದರಿಂದ ಮಾರಾಟಕ್ಕೆ ಮೊದಲೇ ನಮಗೆ ತೋರಿಸಲಿ ಅಂತ ಥಾಂಪ್ಸನ್ ಕೇಳಿದರು. ಎದುರಿಗಿದ್ದದ್ದು ರಾಕ್‌ಸ್ಟಾರ್‌ನ ಮಾತೃಸಂಸ್ಥೆ ಟೇಕ್-ಟೂ. ನ್ಯಾಯಾಧೀಶ ರೊನಾಲ್ಡ್ ಫ್ರೀಡ್‌ಮನ್ ಅರ್ಜಿಯನ್ನು ಬಾಗಿಲಲ್ಲೇ ತಳ್ಳಲಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಗೇಮ್ ತಂದು ತೋರಿಸಿ ಅಂತ ಕಂಪನಿಗೆ ಆದೇಶ ಕೊಟ್ಟರು. ಇನ್ನೂ ಅಂಗಡಿಗೆ ಬಾರದ ವಸ್ತುವನ್ನು ಮುಂಚಿತವಾಗಿ ನೋಡುತ್ತೇನೆ ಅಂತ ಅಮೆರಿಕದ ನ್ಯಾಯಾಧೀಶರೊಬ್ಬರು ಹೇಳುವುದು ಸಣ್ಣ ಮಾತಲ್ಲ. ವಾಕ್ ಸ್ವಾತಂತ್ರ್ಯ ಕಾಯುವ, ಅವರ ಸಂವಿಧಾನದ ಮೊದಲ ತಿದ್ದುಪಡಿ ಅಲ್ಲಿ ಅಷ್ಟು ಬಿಗಿ. ಅಷ್ಟರ ಮಟ್ಟಿಗೆ ಥಾಂಪ್ಸನ್ ಗೆದ್ದಿದ್ದರು.

ಕಂಪನಿಯ ಉದ್ಯೋಗಿಯೊಬ್ಬರು ನ್ಯಾಯಾಧೀಶರ ಮುಂದೆ ಆಡಿ ತೋರಿಸಿದರು. ಅಕ್ಟೋಬರ್ 13ರಂದು ತೀರ್ಪು ಬಂತು: ಹಿಂಸೆ ಇದೆ, ಬಹಳವೇ ಇದೆ, ಆದರೆ ದಿನಾ ರಾತ್ರಿ ಟಿವಿಯಲ್ಲಿ ಕಾಣುವುದಕ್ಕಿಂತ ಕಡಿಮೆ. ಹಾಗಾಗಿ ಮಾರಾಟಕ್ಕೆ ತಡೆ ಇಲ್ಲ. ನಾಲ್ಕು ದಿನ ಬಿಟ್ಟು ಗೇಮ್ ಅಂಗಡಿಗೆ ಬಂತು.

ಈಗ ಮುಖ್ಯ ಜಾಗ. ಥಾಂಪ್ಸನ್ ಕೈಯಲ್ಲಿ ಒಂದು ಒಳ್ಳೆಯ ವಾದ ಇತ್ತು. ಹತ್ತಾರು ಗಂಟೆ ಆಡುವ ಗೇಮ್ ಅದು. ಮಾರುವವನ ಕಡೆಯವನೇ ಆಡಿಸಿ ತೋರಿಸಿದ್ದು. ಕೈ ಅವನದು, ದಾರಿಯೂ ಅವನು ಆರಿಸಿಕೊಂಡಿದ್ದು. ಪಕ್ಷಾತೀತನಾದ ಒಬ್ಬ ವ್ಯಕ್ತಿ ಕೂತು ಪೂರ್ತಿ ಆಡಿ ವರದಿ ಕೊಡಬೇಕು ಅಂತ ಇವರು ಕೇಳಿದ್ದರು. ಅದು ನ್ಯಾಯವಾದ ಬೇಡಿಕೆ. ಅದನ್ನು ಮೇಲ್ಮನವಿಯಲ್ಲಿ ತಣ್ಣಗೆ ಇಡಬಹುದಿತ್ತು. ಗೆಲ್ಲುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಆದರೆ ದಾಖಲೆಯಲ್ಲಿ ಉಳಿಯುತ್ತಿತ್ತು. ಸಂವಾದಾತ್ಮಕ ವಸ್ತುವನ್ನು ಕೋರ್ಟು ಹೇಗೆ ಪರಿಶೀಲಿಸಬೇಕು ಅನ್ನೋ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತಿತ್ತು.

ಅವರು ಮಾಡಿದ್ದೇ ಬೇರೆ. ನ್ಯಾಯಾಧೀಶರ ವಿರುದ್ಧವೇ ಬರೆದರು. ನೀವು ನೋಡಿದ್ದು ಏನು ಅಂತಲೇ ನಿಮಗೆ ಗೊತ್ತಾಗಿಲ್ಲ, ಮಕ್ಕಳ ತಲೆ ಒಡೆಯುವುದಕ್ಕೂ ಕಣ್ಣು ಹೋಗುವುದಕ್ಕೂ ನೀವೇ ದಾರಿ ಮಾಡಿಕೊಟ್ಟಿರಿ ಅನ್ನೋ ಧಾಟಿಯಲ್ಲಿ. ತೀರ್ಪಿನ ಲೋಪ ಹೇಳುವುದು ಒಂದು. ಮುಂದೆ ಎಲ್ಲೋ ಯಾರಿಗೋ ಬೀಳುವ ಏಟಿಗೆ ಈ ನ್ಯಾಯಾಧೀಶನೇ ಹೊಣೆ ಅನ್ನುವುದು ಇನ್ನೊಂದು. ಎರಡಕ್ಕೂ ನಡುವೆ ದೊಡ್ಡ ಕಂದಕ ಇದೆ.

ಟೇಕ್-ಟೂ ಕಡೆಯ ವಕೀಲರು ಅವಕಾಶ ಬಿಡಲಿಲ್ಲ. ಥಾಂಪ್ಸನ್ ಮೇಲೆ ನ್ಯಾಯಾಂಗ ನಿಂದನೆಯ ಕ್ರಮ ಯಾಕೆ ಆಗಬಾರದು ಅಂತ ಕಾರಣ ಕೇಳಿ ನೋಟಿಸ್ ಕೊಡಬೇಕೆಂದು ಅರ್ಜಿ ಹಾಕಿದರು. ಅಂದರೆ ನಿಂದನೆಯ ಅರ್ಜಿ ಹಾಕಿದ್ದು ಕೋರ್ಟಲ್ಲ, ಎದುರು ಪಕ್ಷ. ಕೋರ್ಟಿನ ಆದೇಶ ಪಾಲಿಸದಿದ್ದರೆ ಅದು ಒಂದು ಬಗೆಯ ನಿಂದನೆ. ನ್ಯಾಯಾಧೀಶರ ಎದುರಿಗೇ ಗಲಾಟೆ ಮಾಡಿದರೆ ಮತ್ತೊಂದು. ಹೊರಗೆ ಕೂತು ಮಾಡಿದ್ದಾದರೆ ಪರೋಕ್ಷ ನಿಂದನೆ. ಅದಕ್ಕೆ ನೋಟಿಸ್ ಕೊಡಬೇಕು, ಉತ್ತರ ಕೊಡಲು ಸಮಯ ಕೊಡಬೇಕು, ವಿಚಾರಣೆ ನಡೆಸಬೇಕು. ಫ್ಲಾರಿಡಾದ ನಿಯಮದಲ್ಲಿ ಇನ್ನೊಂದು ಒಳ್ಳೆಯ ಏರ್ಪಾಡಿದೆ. ನಿಂದನೆಯ ಆರೋಪ ನ್ಯಾಯಾಧೀಶರೊಬ್ಬರ ಟೀಕೆ ಅಥವಾ ಅಗೌರವದ ಬಗ್ಗೆ ಆಗಿದ್ದರೆ ಅದೇ ನ್ಯಾಯಾಧೀಶರು ಅದನ್ನು ವಿಚಾರಣೆ ಮಾಡುವಂತಿಲ್ಲ. ಬೈಸಿಕೊಂಡವರೇ ಶಿಕ್ಷೆ ಕೊಡಬಾರದಲ್ವಾ.

ಫ್ರೀಡ್‌ಮನ್ ಆ ವಿಷಯದಿಂದ ಹಿಂದೆ ಸರಿದರು. ಆದರೆ ಸುಮ್ಮನಾಗಲಿಲ್ಲ. ವಕೀಲರ ಶಿಸ್ತು ನೋಡಿಕೊಳ್ಳುವ ಫ್ಲಾರಿಡಾ ಬಾರ್‌ಗೆ ದೂರು ಕಳಿಸಿದರು. ಇದು ವಕೀಲನಿಗೆ ಒಪ್ಪುವ ನಡವಳಿಕೆ ಅಲ್ಲ ಅಂತ.

ನನ್ನ ಸೀನಿಯರ್ ನನಗೆ ಒಂದು ಮಾತು ಹೇಳಿದ್ದರು, ಸೋತ ದಿನ ಯಾರಿಗೂ ಪತ್ರ ಬರೆಯಬೇಡ ಅಂತ. ಕೇಸು ಕೈಬಿಟ್ಟ ಸಂಜೆ ಆಫೀಸಿಗೆ ಬಂದು ಕೂತರೆ ಆದೇಶದ ಒಂದೊಂದು ಸಾಲೂ ನಮ್ಮನ್ನೇ ಕೆಣಕಿದ ಹಾಗಿರುತ್ತದೆ. ಆ ಹೊತ್ತಿಗೆ ಡಿಕ್ಟೇಷನ್ ಕೊಡಬಾರದು. ಟೈಪ್ ಆಗಿದ್ದರೂ ಸಹಿ ಹಾಕಬಾರದು. ಥಾಂಪ್ಸನ್ ಅವರ ಪತ್ರಗಳನ್ನು ಓದಿದಾಗೆಲ್ಲ ನನಗೆ ಆ ಸಂಜೆಗಳೇ ನೆನಪಾಗುತ್ತವೆ. ವಕೀಲನ ಸಿಟ್ಟಿಗೆ ಬೆಲೆ ಕೊಡುವವನು ಅವನೊಬ್ಬನೇ ಅಲ್ಲ, ಅವನ ಕಕ್ಷಿದಾರರೂ ಕೊಡಬೇಕಾಗುತ್ತದೆ. ನನಗೆ ನೋವಾಗುವುದು ಅಲ್ಲಿ.

ಅಕ್ಕನ ಅಂಗಳ

ವಕೀಲರೇ, ನಿಮ್ಮ ಮಾತು ಗೌರವದಿಂದ ಓದಿದೆ. ಆದರೂ ನನಗೆ ಆ ಮನುಷ್ಯನ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು ಅನಿಸುತ್ತದೆ.

ನೀವೆಲ್ಲ ಬುಲ್ಲಿ ಬಗ್ಗೆಯೇ ಮಾತಾಡುತ್ತಿದ್ದೀರಿ. ಅದಕ್ಕೂ ಹಿಂದೆ ಏನಾಗಿತ್ತು ನೋಡಿ. 1997ರ ಡಿಸೆಂಬರ್ 1ರಂದು ಕೆಂಟಕಿಯ ಪಡೂಕಾ ಹತ್ತಿರ ಹೀತ್ ಹೈಸ್ಕೂಲಿನಲ್ಲಿ 14 ವರ್ಷದ ಹುಡುಗ ಬೆಳಗಿನ ಪ್ರಾರ್ಥನೆ ಮುಗಿಸಿ ನಿಂತ ಮಕ್ಕಳ ಮೇಲೆ ಗುಂಡು ಹಾರಿಸಿದ. ಮೂವರು ಹುಡುಗಿಯರು ಸತ್ತರು. 2003ರ ಜೂನ್‌ನಲ್ಲಿ ಅಲಬಾಮಾದ ಫಯೆಟ್ ಅನ್ನೋ ಸಣ್ಣ ಊರಿನ ಪೊಲೀಸ್ ಠಾಣೆಯಲ್ಲಿ 18 ವರ್ಷದ ಡೆವಿನ್ ಮೂರ್ ಪೊಲೀಸರ ಪಿಸ್ತೂಲು ಕಿತ್ತುಕೊಂಡು ಇಬ್ಬರು ಅಧಿಕಾರಿಗಳನ್ನೂ ಫೋನ್ ತೆಗೆದುಕೊಳ್ಳುವ ಸಿಬ್ಬಂದಿಯನ್ನೂ ಕೊಂದು, ಪೊಲೀಸ್ ಕಾರಿನಲ್ಲೇ ಪರಾರಿಯಾದ. ಅವನು ಗ್ರ್ಯಾಂಡ್ ಥೆಫ್ಟ್ ಆಟೋ: ವೈಸ್ ಸಿಟಿ ಅನ್ನೋ ಗೇಮ್ ಬಿಡದೆ ಆಡುತ್ತಿದ್ದ ಅಂತ ಸತ್ತವರ ಮನೆಯವರು ಹೇಳಿದರು. ಆ ಮನೆಯವರ ಬೆನ್ನಿಗೆ ನಿಂತವರು ಯಾರು? ಇದೇ ಥಾಂಪ್ಸನ್.

ಎದುರಿಗೆ ಕಂಪನಿಗಳಾದ ಸೋನಿ, ಟೇಕ್-ಟೂ, ಅಂಗಡಿಯವರಾದ ವಾಲ್‌ಮಾರ್ಟ್, ಗೇಮ್‌ಸ್ಟಾಪ್. ಅವರ ಹತ್ತಿರ ಎಷ್ಟು ವಕೀಲರು ಬೇಕಾದರೂ ಇದ್ದರು. ಈ ಮನುಷ್ಯ ಫ್ಯಾಕ್ಸ್ ಮಷೀನು ಇಟ್ಟುಕೊಂಡು ಪತ್ರ ಬರೆಯುತ್ತಿದ್ದರು. ಅಂಥವರ ಬಾಯಿ ಮುಚ್ಚಿಸಲು ನಿಂದನೆ ಕೇಸ್ ಬಳಸಿದರು ಅಂತ ಯಾಕೆ ಅಂದುಕೊಳ್ಳಬಾರದು? ನೀವೇ ಹೇಳಿದಿರಿ, ಅರ್ಜಿ ಹಾಕಿದ್ದು ಕಂಪನಿ ಅಂತ. ಮಗಳನ್ನು ಕಳೆದುಕೊಂಡ ತಾಯಿಯ ಪರವಾಗಿ ಮಾತಾಡುವವರಿಗೆ ಸ್ವಲ್ಪ ಧ್ವನಿ ಏರಿದರೆ ಅದು ಅಪರಾಧವೇ?

ಕರಿಕೋಟು

ಅಕ್ಕಾ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಧ್ವನಿ ಏರಿದರೆ ಅಪರಾಧ ಅಲ್ಲ. ಅಮೆರಿಕದಲ್ಲಂತೂ ಖಂಡಿತ ಅಲ್ಲ. ಬಾಕಿ ಇರುವ ಕೇಸಿನ ಬಗ್ಗೆ ಪತ್ರಿಕೆಯವರು, ಕಾರ್ಮಿಕ ನಾಯಕರು ಕಟುವಾಗಿ ಬರೆದರು ಅಂತ ನಿಂದನೆಯ ಶಿಕ್ಷೆ ಕೊಟ್ಟಿದ್ದನ್ನು ಅಲ್ಲಿನ ಸುಪ್ರೀಂ ಕೋರ್ಟ್ 1941ರಲ್ಲೇ ಬ್ರಿಡ್ಜಸ್ ಕೇಸಿನಲ್ಲಿ ತಳ್ಳಿಹಾಕಿದೆ. ನ್ಯಾಯ ನಡೆಯುವುದಕ್ಕೇ ಸ್ಪಷ್ಟವಾದ, ತಕ್ಷಣದ ಅಪಾಯ ಇರಬೇಕು ಅಂದಿತು. ಸಾಮಾನ್ಯ ಪ್ರಜೆ ಜಡ್ಜನ್ನು ಬೈದರೆ ಅಲ್ಲಿ ಹೆಚ್ಚು ಕಡಿಮೆ ಏನೂ ಆಗುವುದಿಲ್ಲ.

ಆದರೆ ವಕೀಲನ ಸ್ಥಾನ ಬೇರೆ. ಅವನು ಕೋರ್ಟಿನ ಅಧಿಕಾರಿಯೂ ಹೌದು. ಅವನಿಗೆ ಕೊಟ್ಟಿರುವ ಬಾಗಿಲು ಬೇರೆಯವರಿಗೆ ಇಲ್ಲ. ನ್ಯಾಯಾಧೀಶರ ಪ್ರಾಮಾಣಿಕತೆ ಬಗ್ಗೆ ಸುಳ್ಳು ಅಂತ ಗೊತ್ತಿದ್ದೂ, ಅಥವಾ ನಿಜವೋ ಸುಳ್ಳೋ ನೋಡದೆ, ಮಾತಾಡಬಾರದು ಅಂತ ಫ್ಲಾರಿಡಾ ಬಾರ್‌ನ ನಿಯಮವೇ ಇದೆ.

ಕಂಪನಿ ನಿಂದನೆಯ ಅರ್ಜಿಯನ್ನು ಆಯುಧ ಮಾಡಿಕೊಂಡಿತು ಅನ್ನೋ ನಿಮ್ಮ ಅನುಮಾನಕ್ಕೆ ಆಧಾರ ಇದೆ. ಅದು ಹೇಗೆ ಮುಗಿಯಿತು ನೋಡಿ. 2007ರ ಮಾರ್ಚ್‌ನಲ್ಲಿ ಟೇಕ್-ಟೂ ಇನ್ನೊಂದು ದಾವೆ ಹೂಡಿತು. ಮುಂದೆ ಬರಲಿದ್ದ ಗ್ರ್ಯಾಂಡ್ ಥೆಫ್ಟ್ ಆಟೋ 4 ಮತ್ತು ಮ್ಯಾನ್‌ಹಂಟ್ 2 ಗೇಮ್‌ಗಳ ಮಾರಾಟಕ್ಕೆ ಥಾಂಪ್ಸನ್ ಅಡ್ಡಿ ಮಾಡದಂತೆ ತಡೆಯಿರಿ ಅಂತ. ಏಪ್ರಿಲ್‌ನಲ್ಲಿ ರಾಜಿ ಆಯಿತು. ಟೇಕ್-ಟೂ ಗೇಮ್‌ಗಳ ಮಾರಾಟ ತಡೆಯಲು ಕೋರ್ಟಿಗೆ ಹೋಗುವುದಿಲ್ಲ, ಹೋಗುತ್ತೇನೆ ಅಂತ ಹೆದರಿಸುವುದೂ ಇಲ್ಲ, ಕಂಪನಿಯ ಜೊತೆ ಮಾತಾಡುವುದಿದ್ದರೆ ಅವರ ವಕೀಲರ ಮೂಲಕವೇ ಅಂತ ಥಾಂಪ್ಸನ್ ಒಪ್ಪಿದರು. ಟೀಕೆ ಮಾಡುವ ಹಕ್ಕು ಅವರ ಹತ್ತಿರವೇ ಉಳಿಯಿತು. ಬದಲಿಗೆ ಕಂಪನಿ ತನ್ನ ದಾವೆಯನ್ನೂ ನಿಂದನೆಯ ಅರ್ಜಿಯನ್ನೂ ಬಿಟ್ಟಿತು.

ಅಂದರೆ ಟೀಚರ್, ಬುಲ್ಲಿ ವಿಷಯದ ನಿಂದನೆ ಅರ್ಜಿ ತೀರ್ಪಿನವರೆಗೂ ಹೋಗಲೇ ಇಲ್ಲ. ನಿಂದನೆ ಕೇಸಿನಲ್ಲಿ ಸೋತರು ಅಂತ ನಿಮ್ಮ ಹುಡುಗ ಹೇಳಿದರೆ ಅದು ಪೂರ್ತಿ ತಪ್ಪು. ಅದನ್ನು ಕಂಪನಿಯವರು ಚೌಕಾಸಿಗೆ ಬಳಸಿದರು. ಬಳಸುವುದಕ್ಕೆ ಸಿಕ್ಕಿದ್ದು ಮಾತ್ರ ಥಾಂಪ್ಸನ್ ಅವರೇ ಬರೆದುಕೊಟ್ಟ ಕಾಗದ. ಅಷ್ಟು ವರ್ಷ ಯಾರ ಮಾತಿಗೂ ಬಗ್ಗದವರು, ಕೊನೆಗೆ ದಾವೆ ಹೂಡುವ ಹಕ್ಕನ್ನೇ ಬಿಟ್ಟುಕೊಟ್ಟು ಹೊರಬರಬೇಕಾಯಿತು.

ಫಯೆಟ್ ಕೇಸನ್ನು ನೀವು ನೆನಪಿಸಿದ್ದು ಒಳ್ಳೆಯದಾಯಿತು. ಅದೇ ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವ ಕೇಸು. ಥಾಂಪ್ಸನ್ ಅಲಬಾಮಾದ ವಕೀಲರಲ್ಲ. ಹೊರರಾಜ್ಯದ ವಕೀಲ ಒಂದು ಕೇಸಿಗೆ ಮಾತ್ರ ಹಾಜರಾಗಬೇಕಾದರೆ ಆ ಕೋರ್ಟಿನ ವಿಶೇಷ ಅನುಮತಿ ಬೇಕು. ಆ ಅನುಮತಿ ಅವರಿಗೆ ಸಿಕ್ಕಿತ್ತು. ಕೇಸಿನಲ್ಲಿ ಹುರುಳೂ ಇತ್ತು. 17 ದಾಟಿದವರಿಗೆ ಅಂತ ಎಂ ರೇಟಿಂಗ್ ಇದ್ದ ಗೇಮನ್ನು ಅಂಗಡಿಯವರು ಅಪ್ರಾಪ್ತನಾಗಿದ್ದ ಮೂರ್‌ಗೆ ಮಾರಿದರು ಅನ್ನೋದು ಆರೋಪ. ಇದನ್ನು ಶುರುವಿನಲ್ಲೇ ವಜಾ ಮಾಡಿ ಅಂತ ಕಂಪನಿಗಳು ಕೇಳಿದ್ದಕ್ಕೆ ಕೋರ್ಟ್ ಒಪ್ಪಲಿಲ್ಲ. ಪಡೂಕಾದ ಮನೆಯವರು ಗೇಮ್ ಮಾಡಿದವರ ಮೇಲೆ ಹಾಕಿದ್ದ ಕೇಸಿಗೆ ಇಷ್ಟು ದೂರವೂ ಬರಲು ಆಗಿರಲಿಲ್ಲ. ಅದು 2000ದಲ್ಲಿ ವಜಾ ಆಗಿ, 2002ರಲ್ಲಿ ಮೇಲ್ಮನವಿ ಕೋರ್ಟಿನಲ್ಲೂ ನಿಲ್ಲಲಿಲ್ಲ. ಹುಡುಗನೊಬ್ಬ ಹೀಗೆ ಮಾಡುತ್ತಾನೆ ಅಂತ ಗೇಮ್ ಮಾಡಿದವರು ಊಹಿಸಲು ಆಗುತ್ತಿರಲಿಲ್ಲ ಅನ್ನೋದು ಅಲ್ಲಿನ ಕಾರಣ.

ಇಂಥ ಕೇಸು ಕೈಯಲ್ಲಿದ್ದಾಗ ವಕೀಲನಾದವನು ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡಬೇಕು. 2005ರ ನವೆಂಬರ್‌ನಲ್ಲಿ ಅಲ್ಲಿನ ನ್ಯಾಯಾಧೀಶ ಜೇಮ್ಸ್ ಮೂರ್ ಥಾಂಪ್ಸನ್ ಅವರಿಗೆ ಕೊಟ್ಟಿದ್ದ ಅನುಮತಿಯನ್ನೇ ರದ್ದು ಮಾಡಿದರು, ನಡವಳಿಕೆಯ ಕಾರಣಕ್ಕೆ. ತಾವೇ ಹಿಂದೆ ಸರಿಯುತ್ತೇನೆ ಅಂದರೂ ಒಪ್ಪಲಿಲ್ಲ. ಕೇಸು ಅವರಿಲ್ಲದೆ ಮುಂದುವರಿಯಿತು. ಆ ಮನೆಯವರು ನಂಬಿಕೊಂಡಿದ್ದ ವಕೀಲ ನಡುದಾರಿಯಲ್ಲಿ ಕಾಣೆಯಾದರು.

ವಸುಧಾ ಟೀಚರ್

ತುಂಬಾ ಧನ್ಯವಾದ. ಅಕ್ಕ ಕೇಳಿದ್ದು ನನ್ನ ಮನಸ್ಸಿನಲ್ಲೂ ಇತ್ತು. ಹಾಗಾದರೆ ಸನ್ನದು ಹೋದದ್ದು ಯಾವುದಕ್ಕೆ? ಮತ್ತೆ ನನ್ನ ಮೂಲ ಪ್ರಶ್ನೆಯೂ ಹಾಗೇ ಇದೆ. ಗೇಮ್ ಮಾರಾಟದ ಬಗ್ಗೆ ಕೋರ್ಟುಗಳು ಕೊನೆಗೆ ಏನು ಹೇಳಿದವು?

ಕರಿಕೋಟು

ಸನ್ನದಿನ ವಿಚಾರ. ಬಾರ್ ಹೊರಿಸಿದ ಆರೋಪಗಳನ್ನು ವಿಚಾರಣೆ ಮಾಡಿದವರು ನ್ಯಾಯಾಧೀಶೆ ಡೇವಾ ಟ್ಯೂನಿಸ್. 31 ಆರೋಪಗಳಲ್ಲಿ 27 ಸಾಬೀತಾಗಿವೆ ಅಂತ ಹೇಳಿದರು. ಕೋರ್ಟುಗಳ ಮುಂದೆ ಸುಳ್ಳು ಹೇಳಿದ್ದು, ಎದುರು ಪಕ್ಷದವರನ್ನೂ ಅವರ ವಕೀಲರನ್ನೂ ಹೀನಾಯವಾಗಿ ಅವಮಾನಿಸಿದ್ದು, ಫ್ಲಾರಿಡಾದ ಹೊರಗೆ ನಿಯಮ ಮೀರಿ ವಕೀಲಿ ನಡೆಸಿದ್ದು ಅದರಲ್ಲಿ ಸೇರಿವೆ. 2008ರ ಸೆಪ್ಟೆಂಬರ್ 25ರಂದು ಫ್ಲಾರಿಡಾ ಸುಪ್ರೀಂ ಕೋರ್ಟ್ ಶಾಶ್ವತವಾಗಿ ಸನ್ನದು ರದ್ದು ಮಾಡಿತು. ಜೊತೆಗೆ 43,675 ಡಾಲರ್ ಚಿಲ್ಲರೆ ಖರ್ಚು ಕಟ್ಟಬೇಕಾಯಿತು. ಹಿಂಸೆಯ ಗೇಮ್ ವಿರೋಧಿಸಿದ್ದು ಆ ಆರೋಪಗಳಲ್ಲಿ ಒಂದೂ ಅಲ್ಲ.

ಅದಕ್ಕೂ ಮೊದಲು ನಡೆದದ್ದು ಓದಿದರೆ ಬೇಸರವಾಗುತ್ತದೆ. ತನ್ನ ವಾದ ನ್ಯಾಯಮೂರ್ತಿಗಳಿಗೆ ಅರ್ಥವಾಗುವುದಿಲ್ಲ ಅಂತ ಅವರು ಫ್ಲಾರಿಡಾ ಸುಪ್ರೀಂ ಕೋರ್ಟಿಗೆ ಚಿತ್ರಗಳನ್ನು ತುಂಬಿದ ಮನವಿ ಸಲ್ಲಿಸಿದರು. ದೊಡ್ಡವರಿಗಾಗಿ ಮಕ್ಕಳ ಚಿತ್ರಪುಸ್ತಕ ಅಂತ ಅದಕ್ಕೆ ಹೆಸರಿಟ್ಟರು. ಕಾಂಗರೂ, ಸ್ವಸ್ತಿಕ, ಡಾಲರ್ ನೋಟು, ಅಳಿಲಿನ ಕಾರ್ಟೂನು. 2008ರ ಮಾರ್ಚ್‌ನಲ್ಲಿ ಆ ಕೋರ್ಟ್ ಒಂದು ಷರತ್ತು ಹಾಕಿತು: ಇನ್ನು ಮೇಲೆ ಬೇರೊಬ್ಬ ವಕೀಲರ ಸಹಿ ಇಲ್ಲದೆ ನಿಮ್ಮ ಯಾವ ಕಾಗದವನ್ನೂ ತೆಗೆದುಕೊಳ್ಳುವುದಿಲ್ಲ. ಮೂವತ್ತು ವರ್ಷ ವಕೀಲಿ ಮಾಡಿದವರಿಗೆ ಜೂನಿಯರ್‌ಗೂ ಇಲ್ಲದ ಕಟ್ಟು.

ಈಗ ಗೇಮ್ ಮಾರಾಟ. ಇಲ್ಲಿ ನಿಮ್ಮ ಹುಡುಗನಿಗೆ ಸ್ವಲ್ಪ ಆಧಾರ ಇದೆ, ಅದನ್ನು ಮುಚ್ಚಿಡಬಾರದು. ಹಿಂಸೆಯ ಗೇಮ್‌ಗಳನ್ನು ಮಕ್ಕಳಿಗೆ ಮಾರದಂತೆ ತಡೆಯುವ ಒಂದು ಕಾಯ್ದೆಯ ಕರಡನ್ನು ಥಾಂಪ್ಸನ್ ಲೂಸಿಯಾನಾ ರಾಜ್ಯಕ್ಕೆ ಬರೆದುಕೊಟ್ಟಿದ್ದರು. 2006ರ ಜೂನ್‌ನಲ್ಲಿ ರಾಜ್ಯಪಾಲರ ಸಹಿ ಬಿತ್ತು, ಅದೇ ವರ್ಷ ಕೇಂದ್ರ ಕೋರ್ಟ್ ಅದನ್ನು ಹೊಡೆದುಹಾಕಿತು. ಗೇಮ್ ಉದ್ಯಮದ ವಕೀಲರ ಖರ್ಚು ಸುಮಾರು 92,000 ಡಾಲರನ್ನು ರಾಜ್ಯವೇ ಕೊಡಬೇಕಾಯಿತು. ಕ್ಯಾಲಿಫೋರ್ನಿಯಾದ ಇಂಥದ್ದೇ ಕಾಯ್ದೆ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. 2011ರ ಜೂನ್ 27ರಂದು 7-2 ಮತಗಳಿಂದ ಅದೂ ಬಿತ್ತು. ನ್ಯಾಯಮೂರ್ತಿ ಸ್ಕಾಲಿಯಾ ಬರೆದ ತೀರ್ಪು. ಪುಸ್ತಕಕ್ಕೆ, ಸಿನಿಮಾಕ್ಕೆ ಇರುವ ರಕ್ಷಣೆ ಗೇಮ್‌ಗೂ ಇದೆ, ಗೇಮ್ ಆಡಿದ್ದರಿಂದಲೇ ಮಕ್ಕಳು ಹಿಂಸೆಗೆ ಇಳಿಯುತ್ತಾರೆ ಅನ್ನೋದನ್ನು ಸರ್ಕಾರ ತೋರಿಸಿಲ್ಲ ಅಂತ.

ಚೆಕ್‌ಪಾಯಿಂಟ್

ಇದಕ್ಕೆ ಒಂದು ಸೇರಿಸುತ್ತೇನೆ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ಅನ್ನೋ ವಿಶ್ವವಿದ್ಯಾಲಯದಲ್ಲಿ 32 ಜನರನ್ನು ಒಬ್ಬ ವಿದ್ಯಾರ್ಥಿ ಕೊಂದ. ಕೊಂದವನು ಯಾರು ಅಂತ ಗೊತ್ತಾಗುವ ಮೊದಲೇ ಥಾಂಪ್ಸನ್ ಟಿವಿಯಲ್ಲಿ ಗೇಮ್‌ಗಳ ಕಡೆ ಬೆರಳು ತೋರಿಸಿದರು. ಕೌಂಟರ್-ಸ್ಟ್ರೈಕ್ ಅನ್ನೋ ಗುಂಡು ಹಾರಿಸುವ ಗೇಮ್‌ನ ಹೆಸರೂ ಬಂತು. ಆಮೇಲೆ ರಾಜ್ಯದ ತನಿಖಾ ಮಂಡಳಿ ವರದಿ ಕೊಟ್ಟಿತು. ಆ ಹುಡುಗ ಚಿಕ್ಕವನಿದ್ದಾಗ ಆಡಿದ್ದು ಸೋನಿಕ್ ದಿ ಹೆಡ್ಜ್‌ಹಾಗ್‌ನಂಥ ಗೇಮ್. ಯುದ್ಧದ್ದಾಗಲಿ ಹಿಂಸೆಯದ್ದಾಗಲಿ ಅಲ್ಲ. ಹೀಗೆ ಆತುರ ಮಾಡಿದರೆ ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನೂ ಜನ ನಂಬುವುದಿಲ್ಲ. 13 ವರ್ಷದವನ ಕೈಗೆ ಎಂ ರೇಟಿಂಗ್ ಗೇಮ್ ಕೊಡಬಾರದು ಅನ್ನೋದನ್ನು ನಾನೂ ಒಪ್ಪುತ್ತೇನೆ. ನನ್ನ ತಮ್ಮನಿಗೆ ನಾನೇ ಕೊಡುವುದಿಲ್ಲ.

ಅಕ್ಕನ ಅಂಗಳ

ಚೆಕ್‌ಪಾಯಿಂಟ್, ನೀವು ಹೇಳಿದ ಕೊನೆಯ ಮಾತನ್ನು ಆ ಕಂಪನಿಗಳು ಅಂಗಡಿಯಲ್ಲಿ ಗಟ್ಟಿಯಾಗಿ ಪಾಲಿಸಿದ್ದರೆ ಫಯೆಟ್‌ನ ಮನೆಯವರು ಕೋರ್ಟ್ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ನನ್ನ ನಿಲುವು ಅದೇ. ವಕೀಲರು ಹೇಳಿದ್ದನ್ನು ಒಪ್ಪುತ್ತೇನೆ, ಆ ಮನೆಯವರಿಗೆ ಇನ್ನೂ ತಾಳ್ಮೆಯ ವಕೀಲ ಸಿಗಬೇಕಿತ್ತು. ಆದರೆ ಆ ಮನೆಯವರ ಪರ ನಿಲ್ಲಲು ಥಾಂಪ್ಸನ್ ಮುಂದೆ ಬಂದರು ಅನ್ನೋದನ್ನೂ ನಾನು ಮರೆಯಲಾರೆ.

ವಸುಧಾ ಟೀಚರ್

ಎಲ್ಲರ ಉತ್ತರವನ್ನೂ ಬರೆದಿಟ್ಟುಕೊಂಡೆ. ಚರ್ಚೆಯಲ್ಲಿ ಸುಮ್ಮನಾದ ಹುಡುಗಿಗೆ ಕೊಡುವಂಥದ್ದು ಏನಾದರೂ ಇದೆಯಾ? ಅವಳು ಗೇಮ್ ಮಾರಾಟ ತಡೆಯಬೇಕು ಅನ್ನೋ ಪಕ್ಷ. 2011ರ ತೀರ್ಪು ಕೇಳಿದರೆ ಅವಳ ಬಾಯಿ ಮತ್ತೆ ಕಟ್ಟುತ್ತದೆ.

ಕರಿಕೋಟು

ಕಟ್ಟುವುದಿಲ್ಲ ಟೀಚರ್. ಅದೇ ತೀರ್ಪಿನೊಳಗೆ ಅವಳಿಗೆ ಬೇಕಾದಷ್ಟಿದೆ. ನ್ಯಾಯಮೂರ್ತಿ ಅಲಿಟೊ ಬರೆದ ಭಾಗವನ್ನು ಓದಿಸಿ, ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅದಕ್ಕೆ ಸೇರಿದ್ದಾರೆ. ಕಾಯ್ದೆಯ ಮಾತುಗಳು ಅಸ್ಪಷ್ಟ, ಅದಕ್ಕೇ ಬೀಳಬೇಕು ಅಂತ ಅವರಿಬ್ಬರೂ ಒಪ್ಪಿದರು. ಆದರೆ ಗೇಮ್ ಅಂದರೆ ಪುಸ್ತಕದ ಹಾಗೇ ಇನ್ನೊಂದು ಅಂತ ಅಷ್ಟು ಸುಲಭವಾಗಿ ಹೇಳಬೇಡಿ, ಹೊಸ ತಂತ್ರಜ್ಞಾನದ ಮುಂದೆ ಹುಷಾರಾಗಿರೋಣ ಅಂತ ಅಲಿಟೊ ಬರೆದಿದ್ದಾರೆ. ಇನ್ನೂ ಸ್ಪಷ್ಟವಾದ ಕಾಯ್ದೆ ಬಂದರೆ ಏನಾಗಬಹುದು ಅನ್ನೋ ಬಾಗಿಲನ್ನು ಅವರು ಮುಚ್ಚಲಿಲ್ಲ.

ಆಮೇಲೆ ಬ್ರೇಯರ್ ಅವರ ಭಿನ್ನಮತ. 13 ವರ್ಷದ ಹುಡುಗನಿಗೆ ನಗ್ನ ಚಿತ್ರದ ಪತ್ರಿಕೆ ಮಾರಬಾರದು ಅಂತ ಕಾನೂನು ಹೇಳಬಹುದಾದರೆ, ಅದೇ ಹುಡುಗ ಪರದೆಯ ಮೇಲೆ ಹೆಣ್ಣೊಬ್ಬಳನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಗೇಮ್ ಕೊಳ್ಳುವುದನ್ನು ತಡೆಯಲು ಯಾಕೆ ಆಗಬಾರದು ಅಂತ ಅವರು ಕೇಳುತ್ತಾರೆ. ಎರಡೂ ಕಡೆಯ ಸಂಶೋಧನಾ ಲೇಖನಗಳ ಉದ್ದನೆಯ ಪಟ್ಟಿಯನ್ನೇ ಕೊನೆಯಲ್ಲಿ ಜೋಡಿಸಿದ್ದಾರೆ. ಥಾಂಪ್ಸನ್ ಗಂಟಲು ಹರಿದುಕೊಂಡು ಹೇಳುತ್ತಿದ್ದ ವಿಷಯವೇ ಅದು, ಒಂದೂ ಬೈಗುಳ ಇಲ್ಲದೆ, ಸುಪ್ರೀಂ ಕೋರ್ಟಿನ ದಾಖಲೆಯಲ್ಲಿ. ಹುಡುಗಿ ಅಲ್ಲಿಂದ ಶುರು ಮಾಡಲಿ. ಹುಡುಗ ಥಾಂಪ್ಸನ್ ಹೆಸರು ತೆಗೆದರೆ, ಆ ನಿಂದನೆ ಅರ್ಜಿಯ ಮೇಲೆ ತೀರ್ಪು ಯಾವ ದಿನ ಬಂತು ಅಂತ ಅವನನ್ನೇ ಕೇಳಲಿ.